ಅತ್ತೆಯ ಬಾವಿಯಲ್ಲಿ ಓಡಿದ್ದು

ಆ ತಿಂಗಳುಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಬಲಗಾಲಿನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡುವುದು. ಕಣಕಾಲಿನಿಂದ ಸ್ವಲ್ಪ ಕೆಳಗೆ, ಪಾದದ ಏರು ಇರುವ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಒತ್ತಿದಾಗ ನೋವಾದರೆ ಭಯ. ನೋವಾಗದಿದ್ದರೆ, ಸರಿಯಾಗಿ ಒತ್ತಿಲ್ಲವೇನೋ ಎಂಬ ಭಯ. ಹಾಸಿಗೆಯಿಂದ ಇಳಿಯುವ ಮೊದಲೇ ದಿನ ಹಾಳಾಗಿರುತ್ತಿತ್ತು.

ನಾನು ಓಟಗಾರ್ತಿ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು, ಅದನ್ನು ಓಡಿಯೇ ಪಡೆದೆ. ತಮಿಳು ಸೀಮೆಯ ಚಿನ್ನಮನೂರಿನಿಂದ ಕೊಂಬೈ ಕಡೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ಚಪ್ಪರಗಳ ನಡುವೆ ನಮ್ಮ ಮನೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಪ್ಪ ಅವ್ವ ಇಬ್ಬರೂ ಹೈಸ್ಕೂಲಿನ ಒಳಗನ್ನು ನೋಡಿದ್ದು ನನ್ನನ್ನು ಸೇರಿಸಲು ಬಂದ ದಿನ. ಜಿಲ್ಲಾ ಮಟ್ಟದ ಓಟದಲ್ಲಿ ಗೆದ್ದದ್ದರಿಂದ ದಿಂಡುಗಲ್ಲಿನ ಕಾಲೇಜಿನಲ್ಲಿ ಕ್ರೀಡೆಯ ಸೀಟು ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು. ಆ ಡಿಗ್ರಿಯಲ್ಲಿ ನನ್ನ ತಲೆಯ ದುಡಿಮೆ ಎಷ್ಟಿದೆಯೋ ಕಾಲಿನದೂ ಅಷ್ಟೇ ಇದೆ. ಈಗ ಚಿನ್ನಮನೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದೇನೆ. ಕೆಲಸ ಸಿಕ್ಕಿದ ಮೇಲೂ ಓಟ ಬಿಡಲಿಲ್ಲ. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಪಡುವಣ ಬೆಟ್ಟದ ಕಡೆಗೆ ಓಡಿಹೋಗಿ ಬಂದರೆ ಮಾತ್ರ ನನಗೆ ನಾನು ಎಂಬ ಭಾವ.

ನೋವು ಶುರುವಾದದ್ದು ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಯಲ್ಲಿ. ಆ ತಿಂಗಳು ನಮ್ಮ ಕಣಿವೆಯಲ್ಲಿ ಗಾಳಿ ಮನುಷ್ಯನನ್ನು ಎದುರಿಗೆ ನಿಂತು ತಳ್ಳುತ್ತದೆ. ಗಾಳಿಗೆ ಎದುರಾಗಿ ಓಡುವುದು ಒಳ್ಳೆಯ ಅಭ್ಯಾಸ ಎಂದು ಜಂಬದಿಂದ ದಿನವೂ ಓಡಿದೆ. ಮೊದಲು ಓಡಿದ ಮೇಲೆ ನೋಯುತ್ತಿತ್ತು. ಆಮೇಲೆ ಓಡುವಾಗ ನೋಯಿತು. ಕೊನೆಗೆ ಶಾಲೆಯಲ್ಲಿ ಮಕ್ಕಳಿಗೆ ಹಗ್ಗ ಜಿಗಿದು ತೋರಿಸಲು ತುದಿಗಾಲಿನಲ್ಲಿ ನಿಂತಾಗ ಪಾದದ ಒಳಗೆ ಯಾರೋ ಮೊಳೆ ಇಟ್ಟು ತಿರುವಿದ ಹಾಗಾಗಿ ಕುಳಿತುಬಿಟ್ಟೆ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ದಿಂಡುಗಲ್ಲಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ಪರದೆಯ ಮೇಲೆ ಒಂದು ಕೂದಲೆಳೆಯಷ್ಟು ಗೆರೆ ತೋರಿಸಿದರು. ಪಾದದ ನಡುವೆ ದೋಣಿಯಂಥ ಒಂದು ಸಣ್ಣ ಮೂಳೆ ಇದೆಯಂತೆ. ಓಡುವವರ ಭಾರವೆಲ್ಲ ಅದರ ಮೇಲೆ ಬೀಳುತ್ತದಂತೆ, ಆದರೆ ಅದಕ್ಕೆ ರಕ್ತ ಹರಿಯುವುದು ಕಡಿಮೆಯಂತೆ. ಬಿರುಕು ಕೂಡಿಕೊಳ್ಳಬಹುದು, ಕೂಡದೆಯೂ ಇರಬಹುದು ಎಂದರು. ಕೂಡದಿದ್ದರೆ ಎಂದು ಕೇಳಿದೆ. ನಡೆಯಲು ತೊಂದರೆ ಇಲ್ಲ ಎಂದರು. ನಾನು ಕೇಳಿದ್ದು ನಡೆಯುವುದನ್ನಲ್ಲ ಎಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಅಷ್ಟೇ ಹೇಳಿದರು. ಭಯ ಅಲ್ಲಿ ಶುರುವಾಯಿತು.

ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಕಾಲು ನೆಲಕ್ಕೆ ತಾಗಿಸಬಾರದು ಎಂದು ಕಳಿಸಿದರು. ಶಾಲೆಗೆ ರಜೆ ಹಾಕಿ ಮನೆಯ ಜಗಲಿಯಲ್ಲಿ ಕುಳಿತೆ. ಅವ್ವ ಚಪ್ಪರದಿಂದ ತಂದ ದ್ರಾಕ್ಷಿ ಗೊಂಚಲುಗಳಲ್ಲಿ ಕೊಳೆತ ಹಣ್ಣನ್ನು ಕತ್ತರಿಯಿಂದ ಬಿಡಿಸುವ ಕೆಲಸ ನನಗೆ ಕೊಟ್ಟಳು. ಮಿಕ್ಕ ಹೊತ್ತಿನಲ್ಲಿ ಫೋನಿನಲ್ಲಿ ನೋಡಿ ಕನ್ನಡ ಅಕ್ಷರ ತಿದ್ದಿದೆ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತನ್ನು ಬರೆಯಲು ಕಲಿತದ್ದು ಆ ಕಾಲು ಮುರಿದದ್ದರಿಂದಲೇ. ಅದೇ ಫೋನಿನಲ್ಲಿ ಗಾಯವಾದ ಓಟಗಾರರಿಗೆ ಹೇಳುವ ಧೈರ್ಯದ ಮಾತುಗಳೂ ಬರುತ್ತಿದ್ದವು. ನಗುವ ಮುಖಗಳು, ಬಿಳಿ ಹಲ್ಲು, ನಂಬಿಕೆ ಕಳೆದುಕೊಳ್ಳಬೇಡಿ ಎಂಬ ಉಪದೇಶ. ಅವನ್ನು ನೋಡಿದಷ್ಟೂ ನನಗೆ ಭಯ ಹೆಚ್ಚಾಗುತ್ತಿತ್ತು. ಇಷ್ಟೊಂದು ಜನ ಇಷ್ಟು ಜೋರಾಗಿ ಧೈರ್ಯ ಹೇಳಬೇಕಾದರೆ ಹೆದರುವಂಥದ್ದು ಏನೋ ಇರಲೇಬೇಕಲ್ಲ.

ಅಪ್ಪ ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ನನ್ನ ಪಕ್ಕ ಕುಳಿತು ಪ್ಲಾಸ್ಟರಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದ.

“ನೀ ಓಡಿದ್ದು ಯಾತಕ್ಕೆ? ಪಡಿಪ್ಪಿಗೆ ತಾನೆ?” ಎಂದ. ಓದನ್ನು ನಮ್ಮ ಮನೆಯಲ್ಲಿ ತಮಿಳಿನಂತೆ ಪಡಿಪ್ಪು ಎಂದೇ ಹೇಳುತ್ತೇವೆ. “ಪಡಿಪ್ಪು ಬಂದಾಯ್ತು, ಕೆಲಸ ಬಂದಾಯ್ತು. ಊರು ಬಂದ ಮ್ಯಾಲೆ ಬಸ್ಸಲ್ಲೇ ಕೂತಿರ್ತಾರಾ ಯಾರಾದ್ರೂ?”

ಅವನು ಸಮಾಧಾನಕ್ಕೇ ಹೇಳಿದ್ದು. ಓಟ ನನ್ನನ್ನು ಎಲ್ಲಿಗೋ ಮುಟ್ಟಿಸಲು ಬಂದ ಬಸ್ಸು ಎಂದು ಮನೆಯವರೆಲ್ಲ ತಿಳಿದಿದ್ದರು. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಕಾಲು ನೆಲಕ್ಕೆ ತಾಗದೆ ಕುಳಿತ ಮೇಲೆ ಗೊತ್ತಾಯಿತು, ಇಳಿದುಬಿಟ್ಟರೆ ನನಗೆ ಹೋಗುವ ಊರೇ ಇಲ್ಲ ಎಂದು.

ಪ್ಲಾಸ್ಟರ್ ಬಿಚ್ಚಿದ ದಿನ ಕಾಲನ್ನು ನೋಡಿ ಬೆಚ್ಚಿದೆ. ಅದು ನನ್ನದಾಗಿರಲಿಲ್ಲ. ಮೀನಖಂಡ ಕರಗಿ, ಚರ್ಮ ಸುಲಿದು, ಕಾಯಿಲೆಯ ಮುದುಕಿಯ ಕಾಲನ್ನು ತಂದು ಅಂಟಿಸಿದ ಹಾಗಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವರು, ಇನ್ನೂ ಕೆಲವು ತಿಂಗಳು ನೆಲದ ಮೇಲೆ ಓಡುವ ಯೋಚನೆಯೇ ಬೇಡ ಎಂದರು. ಆದರೆ ಉಸಿರು, ತೊಡೆ, ಸೊಂಟ ಓಟವನ್ನು ಮರೆಯಬಾರದು ಅಂತಿದ್ದರೆ ಆಳವಾದ ನೀರಿನಲ್ಲಿ ಓಡಬಹುದು ಎಂದರು. ಪಾದ ತಳಕ್ಕೆ ತಾಗಬಾರದು, ಕತ್ತಿನವರೆಗೆ ತೇಲಿಕೊಂಡು ಓಡುವ ಹಾಗೆಯೇ ಕೈಕಾಲು ಆಡಿಸಬೇಕು. ಹತ್ತಿರ ಈಜುಕೊಳ ಇದೆಯಾ ಎಂದು ಕೇಳಿದರು. ಬಾವಿ ಇದೆ ಎಂದು ಅವ್ವ ಬಾಯಿ ತಪ್ಪಿ ಹೇಳಿಬಿಟ್ಟಳು. ಅವರು ನಕ್ಕು, ಮೇಲಿನಿಂದ ಹಿಡಿದುಕೊಳ್ಳಲು ಆಳಿದ್ದರೆ ಬಾವಿ ಇನ್ನೂ ಒಳ್ಳೆಯದು ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ತಿರುಗಿ ಕುಳಿತಳು. ನಮ್ಮ ತೋಟದ ಆ ಬಾವಿಯ ವಿಷಯ ಇಬ್ಬರಿಗೂ ಗೊತ್ತಿತ್ತು.

ಅಪ್ಪನಿಗೆ ಒಬ್ಬಳು ತಂಗಿ ಇದ್ದಳು, ನನ್ನ ಅತ್ತೆ. ನಾನು ಹುಟ್ಟುವ ಮೊದಲೇ, ಇನ್ನೂ ಮದುವೆಯಾಗದಿರುವಾಗ, ಆ ಬಾವಿಯ ಮೆಟ್ಟಿಲಿನಲ್ಲಿ ಜಾರಿ ಮುಳುಗಿ ಹೋದಳು. ಕರೆಂಟಿಲ್ಲದ ದಿನ, ಕೊಡ ಹಿಡಿದು ಒಬ್ಬಳೇ ಇಳಿದಿದ್ದಳಂತೆ. ಈಜು ಬರುತ್ತಿರಲಿಲ್ಲ. ಮದುವೆಯಾಗದೆ ಹೋದ ಹೆಣ್ಣುಮಗಳು ನಮ್ಮ ಕಡೆ ಮನೆಗೆ ಸಾಮಿ ಆಗುತ್ತಾಳೆ. ಕನ್ನಿ ಸಾಮಿ, ಅಂದರೆ ಕನ್ಯೆ ದೇವರು, ಎನ್ನುತ್ತೇವೆ. ಪ್ರತಿ ವರ್ಷ ಪೊಂಗಲಿಗೆ ಚಿನ್ನಾಳಪಟ್ಟಿಯ ಒಂದು ಹೊಸ ಸುಂಗುಡಿ ಸೀರೆ, ಬಳೆ, ಅರಿಸಿನ ಇಟ್ಟು ಅವಳಿಗೆ ಪೂಜೆ ಮಾಡಿ, ತಾಳೆ ಓಲೆಯ ಪೆಟ್ಟಿಗೆಯಲ್ಲಿ ಮುಚ್ಚಿ ಅಟ್ಟದ ಮೇಲಿಡುತ್ತಾರೆ. ಮುಂದಿನ ಪೊಂಗಲಿಗೆ ಹೊಸದು ಬಂದಾಗ ಹಳೆಯದನ್ನು ಮನೆಯ ಹೆಣ್ಣುಮಗಳು ಉಡಬೇಕು. ಕಾಲೇಜಿಗೆ ನಾನು ಉಟ್ಟುಕೊಂಡು ಹೋದ ಸೀರೆಗಳೆಲ್ಲ ಅತ್ತೆಯವೇ. ಹಾಸ್ಟೆಲಿನ ಹುಡುಗಿಯರು ಚೆನ್ನಾಗಿದೆ ಎಂದು ಮುಟ್ಟಿ ನೋಡುತ್ತಿದ್ದರು. ಯಾರದು ಎಂದು ನಾನು ಹೇಳುತ್ತಿರಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಒಂದು ಕಟ್ಟಳೆ ಬಂತು. ಗಂಡುಮಕ್ಕಳು ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಅದೇ ಬಾವಿಯಲ್ಲಿ ಈಜು ಕಲಿಯಬಹುದು. ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕಾಲಿಡಬಾರದು. ಈಜು ಬಾರದೆ ಒಬ್ಬಳು ಹೋದಳೆಂದು ಮಿಕ್ಕವರು ಯಾರೂ ಈಜು ಕಲಿಯದ ಹಾಗೆ ಮಾಡಿದೆವು. ಡಿಗ್ರಿ ಓದಿದ ನನಗೂ ಇದು ವಿಚಿತ್ರ ಎಂದು ಹೊಳೆದದ್ದು ಆ ಬಸ್ಸಿನಲ್ಲಿ, ವತ್ತಲಗುಂಡು ದಾಟಿದ ಮೇಲೆ. ಹೊಳೆದರೂ ಧೈರ್ಯ ಬರಲಿಲ್ಲ. ಮಗುವಾಗಿದ್ದಾಗಿನಿಂದ ಆ ಬಾವಿಯ ಕಟ್ಟೆಯ ಹತ್ತಿರ ನನ್ನ ಕಾಲುಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದವು.

ಕಟ್ಟಳೆ ಮಾಡಿದ್ದು ಅಜ್ಜಿ, ಅಂದರೆ ಅತ್ತೆಯ ತಾಯಿ. ಅವಳು ಕೊಂಬೈಗೆ ಮದುವೆಗೆ ಹೋದ ದಿನ ನೋಡಿ ಅವ್ವ ನನ್ನನ್ನು ಬಾವಿಗೆ ಕರೆದುಕೊಂಡು ಹೋದಳು. ಖಾಲಿ ಎಣ್ಣೆಯ ಕ್ಯಾನುಗಳನ್ನು ಎದೆಗೊಂದು ಬೆನ್ನಿಗೊಂದು ಕಟ್ಟಿದಳು. ಕಂಕುಳ ಕೆಳಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ಹಳೆಯ ರಾಟೆಯ ಕಲ್ಲುಕಂಬಕ್ಕೆ ಸುತ್ತಿ ಕೈಯಲ್ಲಿ ಹಿಡಿದಳು. ನಾವು ಗುಟ್ಟಾಗಿ ಹೋಗಿದ್ದೆವು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅಪ್ಪ ಮೋಟರ್ ರೂಮಿನ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ಕುಳಿತಿದ್ದ. ನೀರಿನಲ್ಲಿ ಮೋಟರ್ ಇತ್ತು. ಯಾರೂ ಅದನ್ನು ಚಾಲೂ ಮಾಡದ ಹಾಗೆ ಅವನು ಫ್ಯೂಸ್ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬಸ್ಸಿನಿಂದ ಇಳಿ ಎಂದಿದ್ದ ಮನುಷ್ಯ.

ಮಳೆಗಾಲ ಶುರುವಾಗಿ ನೀರು ಮೇಲೆ ಬಂದಿತ್ತು. ಮೆಟ್ಟಿಲುಗಳು ನೀರಿನೊಳಗೆ ಹಸಿರಾಗಿ ಸ್ವಲ್ಪ ದೂರ ಕಾಣುತ್ತಿದ್ದವು, ಆಮೇಲೆ ಕಪ್ಪು. ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಇಳಿದೆ. ನೀರು ಸೊಂಟಕ್ಕೆ ಬಂದಾಗ ಎಡಗಾಲಿನ ಅಡಿಗೆ ಪಾಚಿ ತಾಗಿತು. ಅಷ್ಟೇ. ಅತ್ತೆಯ ಕಾಲಿಗೂ ಕೊನೆಗೆ ಹೀಗೇ ತಾಗಿರಬೇಕು ಎಂದು ಅನ್ನಿಸಿತು, ಆಮೇಲೆ ನನ್ನ ಕೈ ಮೆಟ್ಟಿಲ ಕಲ್ಲನ್ನು ಬಿಡಲೇ ಇಲ್ಲ. ಕೂಗಲಿಲ್ಲ, ಅಳಲಿಲ್ಲ. ಹಲ್ಲು ಮಾತ್ರ ಕಟಕಟ ಅನ್ನುತ್ತಿದ್ದವು. ಅವ್ವ ಮೇಲಿನಿಂದ ಏನೋ ಕೇಳುತ್ತಿದ್ದಳು. ಕೊನೆಗೆ ಅವಳೇ ಹಗ್ಗ ಎಳೆಯತೊಡಗಿದಳು, ನಾನು ಹಿಂದುಹಿಂದಕ್ಕೆ ಒಂದೊಂದು ಮೆಟ್ಟಿಲು ಹತ್ತಿ ಬಂದೆ. ಹಗ್ಗ ಎದೆಯ ಪಕ್ಕ ಚರ್ಮ ಕಿತ್ತಿತ್ತು.

ಮಾರನೆಯ ದಿನ ಅಜ್ಜಿ ಬಂದವಳೇ ಹಿತ್ತಲಿನಲ್ಲಿ ಒಣಹಾಕಿದ್ದ ನನ್ನ ಚೂಡಿದಾರವನ್ನು ಮೂಸಿ ನೋಡಿದಳು. ಬಾವಿಯ ನೀರಿನ ವಾಸನೆ ಅವಳಿಗೆ ಗೊತ್ತಾಗದೆ ಇರುವುದಿಲ್ಲ.

“ಇಳಿದೋಳು ಯಾರು?” ಎಂದಳು. ಅವ್ವ ಅಕ್ಕಿ ಕೇರುತ್ತಲೇ ಇದ್ದಳು. ನಾನೇ ಎಂದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ದಿನವೆಲ್ಲ ಅವಳು ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಳು. ಊಟ ಮುಟ್ಟಲಿಲ್ಲ. ನನಗೆ ಎರಡು ಕಡೆಯಿಂದಲೂ ಭಯ. ಬಾವಿಗೆ ಇಳಿದರೆ ಮುಳುಗುವ ಭಯ, ಅಜ್ಜಿಯನ್ನು ನೋಯಿಸಿದ ಭಯ. ಇಳಿಯದಿದ್ದರೆ ಈ ಮುದುಕಿಯ ಕಾಲು ನನಗೆ ಖಾಯಂ ಆಗಿಬಿಡುವ ಭಯ. ಎರಡು ಭಯಗಳಲ್ಲಿ ಯಾವುದು ದೊಡ್ಡದು ಎಂದು ಅಳೆಯುತ್ತಾ ಕುಳಿತೆ. ನನ್ನನ್ನು ಮುಂದಕ್ಕೆ ತಳ್ಳಿದ್ದು ಛಲ ಎಂದು ಶಾಲೆಯಲ್ಲಿ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಒಂದು ಭಯ ಇನ್ನೊಂದಕ್ಕಿಂತ ಸ್ವಲ್ಪ ದಪ್ಪಗಿತ್ತು, ಅಷ್ಟೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಅಪ್ಪನನ್ನು ಕರೆದು ಅಟ್ಟದಿಂದ ಓಲೆಯ ಪೆಟ್ಟಿಗೆ ಇಳಿಸು ಎಂದಳು. ಪೊಂಗಲಿಗೆ ಇನ್ನೂ ಬಹಳ ದಿನವಿತ್ತು. ಅಪ್ಪ ಅನುಮಾನಿಸುತ್ತಾ ಇಳಿಸಿದ. ಅಜ್ಜಿ ಮುಚ್ಚಳ ತೆಗೆದು, ಆ ವರ್ಷದ ಸೀರೆಯನ್ನು, ಕೆಂಪು ನೆಲದ ಮೇಲೆ ಬಿಳಿ ಚುಕ್ಕಿಯ ಸುಂಗುಡಿಯನ್ನು, ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು.

“ಹಗ್ಗ ಮೈ ಕೀಳ್ತೈತೆ. ಇದನ್ನ ಸುತ್ತಿ ಕಟ್ಟು. ಇದು ಕೀಳಾದಿಲ್ಲ.”

ಅವ್ವನ ಕೈಯಿಂದ ಸೌಟು ಜಾರಿತು. “ಅದು ಸಾಮಿ ಸೀರೆ ತಾನೆ?” ಎಂದಳು, ಬಹಳ ಮೆಲ್ಲಗೆ.

“ಸಾಮಿ ಆಗಕ್ಕೆ ಮುಂಚೆ ಅವಳು ನನ್ನ ಮಗಳು. ನನ್ನ ಮಗಳ ಸೀರೆ ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ.” ಆಮೇಲೆ ನನ್ನ ಕಡೆ ತಿರುಗಿದಳು. “ನಾಳೆ ನಾನೂ ಬರ್ತೀನಿ. ಇವಳ ಒಬ್ಬಳ ಕೈನ ನಂಬಿ ನಿನ್ನ ಇಳಿಸಕ್ಕಾಗಲ್ಲ. ಕೊಡ ನೆಟ್ಟಗೆ ಹಿಡಿಯಕ್ಕೆ ಬರಲ್ಲ ಇವಳಿಗೆ.”

ಅವ್ವ ಸೌಟನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಅಜ್ಜಿಯ ಕೊಂಕಿಗೆ ಅವಳು ಸಂತೋಷಪಟ್ಟದ್ದನ್ನು ನಾನು ಕಂಡದ್ದು ಅಂದೇ.

ಮಾರನೆಯ ದಿನ ಸೀರೆಯನ್ನು ಎದೆಗೆ ಎರಡು ಸುತ್ತು ಸುತ್ತಿ, ಹಿಂದೆ ಗಂಟು ಹಾಕಿ, ಆ ಗಂಟಿಗೆ ಹಗ್ಗ ಬಿಗಿದರು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಹಗ್ಗದ ಬಾಲವನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ಬಾವಿಯ ಒಳಗನ್ನು ಮಾತ್ರ ನೋಡಲಿಲ್ಲ. ಎದುರಿನ ತೆಂಗಿನಮರವನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಯಾವುದಾದರೂ ದೇವರನ್ನು ಕರೆಯುತ್ತಿದ್ದಾಳೆಯೇ, ಅಥವಾ ಮಗಳ ಹತ್ತಿರವೇ ಏನಾದರೂ ಹೇಳುತ್ತಿದ್ದಾಳೆಯೇ ಎಂದು ನಾನು ಕೇಳಲಿಲ್ಲ.

ಪಾಚಿ ತಾಗಿದ ಮೆಟ್ಟಿಲಿನಲ್ಲಿ ಮತ್ತೆ ಕೈ ಕಲ್ಲನ್ನು ಹಿಡಿದುಕೊಂಡಿತು. ಅವ್ವ ಮೇಲಿನಿಂದ ಬಗ್ಗಿ, ಬಿಡು ಮಗ ಎಂದು ಹೇಳಲಿಲ್ಲ. ಧೈರ್ಯದ ಮಾತು ಅವಳಿಗೆ ಬರುವುದಿಲ್ಲ. ಭಯವಾದಾಗ ಅವಳಿಗೆ ಬರುವುದು ಊರಿನ ಸುದ್ದಿ. ಪಕ್ಕದ ಮನೆಯವಳ ಕೋಳಿ ನಮ್ಮ ಹುಲ್ಲಿನ ಬಣವೆಯಲ್ಲಿ ಮೊಟ್ಟೆ ಇಡಲು ಶುರುಮಾಡಿದೆ ಎಂದು ಹೇಳತೊಡಗಿದಳು. ಕೋಳಿ ಅವಳದು, ಹುಲ್ಲು ನಮ್ಮದು, ಈಗ ಮೊಟ್ಟೆ ಯಾರದು. ನಿಲ್ಲಿಸದೆ ಹೇಳುತ್ತಲೇ ಇದ್ದಳು. ಆ ಪಕ್ಕದ ಮನೆಯವಳು ಏನಂದಳು ಎಂದು ಕೇಳಿಸಿಕೊಳ್ಳುತ್ತಿದ್ದಾಗ ಕೈ ಯಾವಾಗ ಸಡಿಲವಾಯಿತೋ, ನಾನು ನೀರಿನ ನಡುವೆ ಇದ್ದೆ.

ಕಾಲ ಕೆಳಗೆ ಏನೂ ಇರಲಿಲ್ಲ. ಓಡುವವಳಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ. ನೆಲವನ್ನು ಹಿಂದಕ್ಕೆ ಒದ್ದರೆ ಮುಂದೆ ಹೋಗುತ್ತೇವೆ, ನಾನು ಕಲಿತ ಓಟ ಅಷ್ಟೇ. ಇಲ್ಲಿ ಒದೆಯಲು ನೆಲವಿಲ್ಲ, ಹೋಗಲು ಮುಂದೆ ಎಂಬುದಿಲ್ಲ. ಮಂಡಿ ಎತ್ತಿ, ಕೈ ಬೀಸಿ, ಉಸಿರು ಕಟ್ಟಿ ಓಡಿದರೂ ಇದ್ದಲ್ಲೇ ಇದ್ದೆ. ತಣ್ಣನೆಯ ನೀರಿನ ಒಂದು ಪದರ ಪಾದಕ್ಕೆ ತಾಗಿದಾಗಲೆಲ್ಲ ಕೆಳಗಿನಿಂದ ಯಾರೋ ಮುಟ್ಟಿದ ಹಾಗಾಗಿ ಹಗ್ಗವನ್ನು ಜಗ್ಗುತ್ತಿದ್ದೆ. ಜಗ್ಗಿದಾಗಲೆಲ್ಲ ಮೇಲಿನಿಂದ ಅಜ್ಜಿ ಒಂದು ಸಲ ಮರಳಿ ಜಗ್ಗುತ್ತಿದ್ದಳು. ನಾನು ಜಗ್ಗಿದರೆ ಅವಳು ಜಗ್ಗುವುದು. ಇದ್ದೀನಿ ಅನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ಹೀಗೆ ಆ ಮಳೆಗಾಲ ಕಳೆಯಿತು. ವ್ಯಾಯಾಮದವರು ಹೇಳಿದ್ದ ಲೆಕ್ಕ ಇಷ್ಟು ಹೊತ್ತು ಜೋರು, ಇಷ್ಟು ಹೊತ್ತು ನಿಧಾನ ಎಂದಿತ್ತು. ಅವ್ವನಿಗೆ ಗಡಿಯಾರ ನೋಡುತ್ತಾ ಹಗ್ಗ ಹಿಡಿಯಲು ಆಗುತ್ತಿರಲಿಲ್ಲ. ಆದ್ದರಿಂದ ಒಂದು ಸುದ್ದಿ ಮುಗಿಯುವವರೆಗೆ ಜೋರು, ಅಜ್ಜಿ ಅದಕ್ಕೆ ಕೊಂಕು ತೆಗೆಯುವಷ್ಟು ಹೊತ್ತು ನಿಧಾನ ಎಂದು ಆಯಿತು. ಸಣ್ಣ ಸುದ್ದಿಯ ದಿನ ಸಣ್ಣ ಓಟ. ಯಾರ ಮನೆಯಲ್ಲಾದರೂ ದೊಡ್ಡ ಜಗಳವಾಗಿದ್ದರೆ ನನ್ನ ತೊಡೆ ಬೆಂದುಹೋಗುತ್ತಿತ್ತು. ನೀರಿನಲ್ಲಿ ಉಸಿರುಗಟ್ಟಿ ಒದ್ದಾಡುತ್ತಾ, ಸಾಕು ನಿಲ್ಲಿಸವ್ವ ಎಂದರೆ, ಇರು, ಇನ್ನೂ ಗಂಡ ಬಂದಿಲ್ಲ ಕಥೇಲಿ ಎನ್ನುತ್ತಿದ್ದಳು.

ಭಯ ಹೋಯಿತೇ ಎಂದರೆ ಹೋಗಲಿಲ್ಲ. ಒಂದು ಬೆಳಿಗ್ಗೆ ರಾತ್ರಿಯ ಮಳೆಗೆ ನೀರು ಇನ್ನೂ ಮೇಲೆ ಬಂದು ನನಗೆ ಪರಿಚಯವಾಗಿದ್ದ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ಎಲ್ಲಿಂದ ಇಳಿಯಬೇಕೆಂದೇ ತಿಳಿಯದೆ ಹಿಂದಿರುಗಿದೆ. ಇನ್ನೊಂದು ದಿನ ಎದೆಯ ಕ್ಯಾನಿನ ಮುಚ್ಚಳ ಬಿಗಿಯಾಗಿರದೆ ಒಳಗೆ ನೀರು ತುಂಬಿ, ನಾನು ಒಂದು ಕಡೆಗೆ ವಾಲಿ ಮೂಗಿನವರೆಗೆ ಮುಳುಗಿದೆ. ಸೀರೆ ಕಂಕುಳಲ್ಲಿ ಬಿಗಿದು ಮೇಲೆತ್ತಿತು. ಮೇಲೆ ಬಂದಾಗ ಅಜ್ಜಿಯ ಮುಂಗೈಯಲ್ಲಿ ಹಗ್ಗದ ಗುರುತು ಕೆಂಪಗೆ ಮೂಡಿತ್ತು. ಅಂದು ಮೊದಲ ಸಲ ಅವಳು ಬಾವಿಯ ಒಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಏನೂ ಆಗದವಳಂತೆ, ಕ್ಯಾನಿಗೆ ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ಮುಚ್ಚಬೇಕು ಎಂದು ಅಪ್ಪನಿಗೆ ಕೂಗಿ ಹೇಳಿದಳು.

ಪೊಂಗಲಿಗೆ ಮುಂಚಿನ ಮಾರ್ಗಳಿ ತಿಂಗಳ ಚಳಿಯಲ್ಲಿ ಮತ್ತೆ ದಿಂಡುಗಲ್ಲಿಗೆ ಹೋದೆವು. ಸ್ಕ್ಯಾನಿನ ಕೋಣೆಯ ಹೊರಗೆ ಕುಳಿತು ಪಾದವನ್ನು ಒತ್ತಿ ಒತ್ತಿ ನೋಡಿದೆ. ಡಾಕ್ಟರು ಪರದೆಯ ಮೇಲೆ ಅದೇ ಜಾಗವನ್ನು ತೋರಿಸಿದರು. ಗೆರೆ ಇರಲಿಲ್ಲ. ಮೂಳೆ ಕೂಡಿದೆ, ಇನ್ನು ಒಂದು ನಿಮಿಷ ಓಡಿ, ಒಂದು ನಿಮಿಷ ನಡೆದು, ಮೆಲ್ಲಗೆ ಶುರುಮಾಡು ಎಂದರು. ಅವ್ವ ಅಲ್ಲಿಯೇ ಕೈ ಮುಗಿದಳು. ನಾನು ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಮೊದಲ ಎಕ್ಸ್‌ರೇಯಲ್ಲೂ ಏನೂ ಕಂಡಿರಲಿಲ್ಲ ತಾನೆ.

ಈಗ ಬರೆಯುವುದನ್ನು ಓಡದವರು ನಂಬುವುದು ಕಷ್ಟ. ನೆಲದ ಮೇಲೆ ನನಗೆ ಬಾವಿಗಿಂತ ಹೆಚ್ಚು ಭಯವಾಯಿತು. ಬಾವಿಯಲ್ಲಿ ತಪ್ಪಾದರೆ ಹಗ್ಗ ಇತ್ತು. ಇಲ್ಲಿ ಪಾದವನ್ನು ಹಿಡಿದಿರುವವರು ಯಾರು? ಬೂಟು ಕಟ್ಟಿಕೊಂಡು ಕಾಲುವೆಯ ಏರಿಗೆ ಹೋಗುತ್ತಿದ್ದೆ. ಎಡಗಡೆ ಬಾಳೆತೋಟ, ಬಲಗಡೆ ನೀರು, ಮುಂದೆ ಕೊಂಬೈ ಬೆಟ್ಟದ ಮೇಲೆ ಬಿಸಿಲು ಇಳಿಯುತ್ತಿತ್ತು. ಎಲ್ಲವೂ ನನಗಾಗಿ ಇಟ್ಟ ಹಾಗೆ ಇತ್ತು. ನಡೆಯುತ್ತಿದ್ದೆ. ಇನ್ನೇನು ಓಡಬೇಕು ಎನ್ನುವಾಗ ಬಲಗಾಲು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮೊಳೆ ಇಟ್ಟು ತಿರುವಿದ ಆ ಗಳಿಗೆ ಪಾದಕ್ಕೆ ಜ್ಞಾಪಕವಿತ್ತು. ತಿರುಗಿ ಮನೆಗೆ ಬಂದು, ಹೇಗಿತ್ತು ಎಂದು ಕೇಳಿದವರಿಗೆ ಚೆನ್ನಾಗಿತ್ತು ಎನ್ನುತ್ತಿದ್ದೆ. ಬೆವರಿಲ್ಲದ ಅಂಗಿಯನ್ನು ಅವ್ವ ದಿನವೂ ಒಗೆಯಲು ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ತಿಳಿಯದೆ ಇರುತ್ತದೆಯೇ.

ಪೊಂಗಲ್ ಬಂತು. ಅತ್ತೆಗೆ ಹೊಸ ಸೀರೆ ಬಂತು, ನೀಲಿ. ನೀರಿನಲ್ಲಿ ನೆನೆದು ನೆನೆದು ಬಣ್ಣ ಬಿಟ್ಟ ಕೆಂಪು ಸೀರೆಯನ್ನು ಅಜ್ಜಿ ಒಗೆದು ಮಡಿಸಿ, ಕಟ್ಟಳೆಯ ಪ್ರಕಾರ ನನಗೆ ಕೊಟ್ಟಳು. ಉಟ್ಟುಕೊಂಡು ಹೋಗುವ ಹಾಗೇನೂ ಇರಲಿಲ್ಲ ಅದು. ಇಟ್ಟುಕೋ ಎಂದಳು.

ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ನಾನು ಬೂಟು ಕಟ್ಟುತ್ತಿದ್ದಾಗ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ರಬ್ಬರ್ ಚಪ್ಪಲಿ. ಎಲ್ಲಿಗೆ ಎಂದೆ. ಏರಿ ತನಕ ಎಂದಳು. ಜನ ನೋಡಿ ನಗುತ್ತಾರೆ ಎಂದೆ. ನೋಡಲಿ, ನನಗೆ ಆ ಕೋಳಿ ವಿಷಯ ಯಾರ ಹತ್ರಾನಾದ್ರೂ ಹೇಳಬೇಕು, ಹೊಟ್ಟೆ ಉಬ್ಬರಿಸಿದೆ ಎಂದಳು.

ಏರಿಯ ಮೇಲೆ ಸ್ವಲ್ಪ ದೂರ ಇಬ್ಬರೂ ನಡೆದೆವು. ಆಮೇಲೆ ಅವಳು ಏನೂ ಮುನ್ಸೂಚನೆ ಇಲ್ಲದೆ ಸುದ್ದಿ ಶುರುಮಾಡಿದಳು, ಬಾವಿಯ ಕಟ್ಟೆಯ ಮೇಲಿನ ಅದೇ ಎತ್ತರದ ದನಿಯಲ್ಲಿ. ಪಕ್ಕದ ಮನೆಯವಳು ನಿನ್ನೆ ಹಬ್ಬದ ದಿನವೇ ಬಂದಳಂತೆ, ಬರಿಗೈಯಲ್ಲಿ ಅಲ್ಲ, ಆ ಕೋಳಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು, ಸಾಕ್ಷಿ ಹೇಳಿಸುವುದಕ್ಕೆ. ಆ ದನಿ ಕೇಳಿದ ಕೂಡಲೇ ನನ್ನ ಮಂಡಿ ಮೇಲೆ ಬಂತು. ಕೈ ಬೀಸಿತು. ನಾನು ನಿರ್ಧರಿಸಲಿಲ್ಲ. ಆ ದನಿಗೆ ಓಡುವುದು ಮೈಗೆ ಅಭ್ಯಾಸವಾಗಿತ್ತು.

ಬಲಗಾಲು ನೆಲಕ್ಕೆ ಬಿತ್ತು. ಬಿದ್ದ ಜಾಗದಲ್ಲಿ ನೆಲವಿತ್ತು. ನನಗೆ ಕಣ್ಣಿಗೆ ಕತ್ತಲೆ ಬರುವಷ್ಟು ಭಯವಾಯಿತು. ನೋವಿಗಾಗಿ ಕಾದೆ, ಅದು ಬರುವ ಮೊದಲೇ ಎಡಗಾಲು ಬಿತ್ತು, ಮತ್ತೆ ಬಲಗಾಲು. ಹಿಂದೆ ಅವ್ವನ ಚಪ್ಪಲಿ ಪಟಪಟ ಬಡಿಯುತ್ತಿತ್ತು. ಅವಳೂ ಓಡುತ್ತಿದ್ದಳು. ಹುಟ್ಟಿದ ಮೇಲೆ ಹಸುವಿನ ಹಿಂದೆ ಬಿಟ್ಟು ಬೇರೆ ಯಾವುದಕ್ಕೂ ಓಡದ ಹೆಂಗಸು, ಏದುಸಿರಿನ ನಡುವೆ ಕೋಳಿಯ ಕಥೆಯನ್ನು ತುಂಡುತುಂಡಾಗಿ ಹೇಳುತ್ತಾ ಬರುತ್ತಿದ್ದಳು. ತುಂಡುಗಳ ನಡುವಿನ ಜಾಗ ದೊಡ್ಡದಾಯಿತು. ದನಿ ಸಣ್ಣದಾಯಿತು. ಆಮೇಲೆ ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಅವ್ವನ ಮಾತು ಕಿವಿಗೆ ಬೀಳದಷ್ಟು ದೂರ ಬಂದಿದ್ದೇನೆ ಎಂದು ಗೊತ್ತಾದ ಕೂಡಲೇ ನಿಂತುಬಿಟ್ಟೆ.

ಏರಿಯ ಮೇಲೆ ಕುಳಿತು, ಬೂಟು ಬಿಚ್ಚಿ, ಆ ಜಾಗವನ್ನು ಒತ್ತಿದೆ. ಮತ್ತೆ ಒತ್ತಿದೆ. ಅಷ್ಟು ಹೊತ್ತಿಗೆ ಅವ್ವ ಸೊಂಟ ಹಿಡಿದುಕೊಂಡು ನಡೆದು ಬಂದು ಪಕ್ಕದಲ್ಲಿ ಕುಳಿತಳು. ಒಂದು ಚಪ್ಪಲಿಯ ಉಂಗುಟ ಕಿತ್ತುಹೋಗಿ ಅದು ಅವಳ ಕೈಯಲ್ಲಿತ್ತು.

“ನೋವಾ?”

“ಇಲ್ಲೆ.”

“ಬಯಾನಾ?”

“ಐತೆ.”

ಅವಳು ಉಸಿರು ಎಳೆದುಕೊಂಡಳು. ಚಪ್ಪಲಿಯನ್ನು ಪಕ್ಕಕ್ಕಿಟ್ಟಳು.

“ಸರಿ, ಕೇಳು,” ಎಂದಳು. “ಕೋಳೀನ ತಂದು ನಮ್ಮ ಜಗಲೀಲಿ ಬಿಟ್ಳಾ? ಅದು ನೆಟ್ಟಗೆ ಎಲ್ಲಿಗೆ ಹೋಯ್ತು ಅಂತೀಯ?”

ನಾನು ಬೂಟು ಹಾಕಿಕೊಂಡು ಲೇಸು ಬಿಗಿದೆ. ವಾಪಸ್ಸಿನ ದಾರಿಗೆ ಇನ್ನೊಂದು ನಿಮಿಷದ ಓಟ ಬಾಕಿ ಇತ್ತು.